ಎರಡು ಬೆರಳಿನ ಸಡಿಲ

ಬಾಬಿನ್ ಅರ್ಧ ತುಂಬಿತ್ತು. ಮೈಮೂನಮ್ಮ ಎಡಗೈಯ ಬೆರಳಿನಿಂದ ನೂಲನ್ನು ಅದುಮಿ ಹಿಡಿದು ಮೆಲ್ಲಗೆ ಮಷೀನು ತುಳಿಯುತ್ತಿದ್ದರು. ನೂಲು ಒಂದೇ ಸಮ ಸುತ್ತಿಕೊಳ್ಳಬೇಕು. ಒಂದು ಕಡೆ ಗುಡ್ಡೆಯಾದರೆ ಹೊಲಿಗೆಯ ನಡುವೆ ತೊಡಕು ಬೀಳುತ್ತದೆ. ಅಷ್ಟರಲ್ಲಿ ಕೋಣೆಯ ಬೆಳಕು ಕಡಿಮೆಯಾಯಿತು. ತಲೆಯೆತ್ತಿ ನೋಡಿದರೆ ಬಾಗಿಲು ತುಂಬ ಸಿಲ್ವಿ ನಿಂತಿದ್ದಳು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

ಬೆಳ್ಳಾರೆ ಪೇಟೆ ದಾಟಿ ಸುಳ್ಯದ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಮೆಟ್ಟಿಲು ಹತ್ತಿದರೆ ಮೈಮೂನಮ್ಮನ ಹೊಲಿಗೆಯ ಕೋಣೆ. ಹಿಂದೆ ಮನೆ, ಮುಂದೆ ಅಂಗಡಿ. ಮೂವತ್ತು ವರ್ಷಗಳಿಂದ ಅಲ್ಲಿ ಹೆಂಗಸರ ಬಟ್ಟೆ ಮಾತ್ರ ಹೊಲಿಯುವುದು. ಸಿಲ್ವಿ ಕಡಬದ ಆಚೆಯ ರಬ್ಬರು ತೋಟದ ಮನೆಯವಳು, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆನಿಂತ ಕುಟುಂಬದವಳು. ಬೆಳ್ಳಾರೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸಾಗಿ ಎಂಟು ವರ್ಷವಾಗಿತ್ತು. ಅವಳು ಇಂಜೆಕ್ಷನ್ ಕೊಟ್ಟರೆ ಮಕ್ಕಳು ಅಳುವುದಕ್ಕೆ ಮರೆಯುತ್ತಾರೆ ಎಂಬ ಹೆಸರು ಅವಳಿಗಿತ್ತು. ಇನ್ನೊಂದು ಹೆಸರೂ ಇತ್ತು, ಅದನ್ನು ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ತೂಕ ನೂರ ಹದಿನಾರು ಕಿಲೋ ಎಂದು ಅವಳೇ ಹೇಳುವಳು, ರೋಗಿಯ ಜ್ವರ ಎಷ್ಟಿದೆಯೆಂದು ಹೇಳುವಷ್ಟು ಸಲೀಸಾಗಿ.

ಚೀಲದಿಂದ ಕಪ್ಪು ಬಟ್ಟೆ ಹೊರಗೆ ಬಂತು. ಎಳೆದರೆ ಹಿಗ್ಗುವ ಜಾತಿಯದು. ಓಡುವುದಕ್ಕೆ ಒಂದು ಪ್ಯಾಂಟು ಬೇಕು ಎಂದಳು ಸಿಲ್ವಿ. ಪುತ್ತೂರಿನ ಅಂಗಡಿಗಳಲ್ಲಿದ್ದ ಅತಿ ದೊಡ್ಡ ಪ್ಯಾಂಟು ಅವಳ ಮೊಣಕಾಲಿನವರೆಗೆ ಬಂದು ನಿಂತುಬಿಟ್ಟಿತಂತೆ. ಪುತ್ತೂರಿನ ಯಾವುದೋ ಸಂಘದವರು ಜನವರಿಯಲ್ಲಿ ಮ್ಯಾರಥಾನ್ ಮಾಡುತ್ತಾರಂತೆ. ಪುತ್ತೂರಿನಿಂದ ಹೊರಟು, ಕುಂಬ್ರದ ಮೇಲೆ ಬೆಳ್ಳಾರೆಗೆ ಬಂದು, ಇಲ್ಲಿಂದ ಸುಳ್ಯಕ್ಕೆ. ನಲವತ್ತೆರಡು ಕಿಲೋಮೀಟರಿನ ಲೆಕ್ಕ ಸರಿಯಾಗಲು ಸುಳ್ಯ ಪೇಟೆಯೊಳಗೆ ಒಂದು ಸುತ್ತು. ಅದಕ್ಕೆ ಅವಳು ಹೆಸರು ಕೊಟ್ಟು ಬಂದಿದ್ದಳು.

ಮೈಮೂನಮ್ಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ಓಡುದಾ, ನಡೆಯುದಾ?"

"ಎರಡೂ ಉಮ್ಮ. ಬೀಳುದು ಮಾತ್ರ ಬೇಡ ಅಂತ ಉಂಟು."

ಆ ರಸ್ತೆಯ ಹೆಣ್ಣುಮಕ್ಕಳೆಲ್ಲ ಮೈಮೂನಮ್ಮನನ್ನು ಉಮ್ಮ ಎಂದೇ ಕರೆಯುವುದು. ಅವರ ಕೋಣೆಯಲ್ಲಿ ಒಂದು ಕ್ರಮವಿತ್ತು. ಅಳತೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟೇಪು ಹಿಡಿದು ನೋಡಿ, ಸುಮ್ಮನೆ ಪುಸ್ತಕದಲ್ಲಿ ಬರೆದುಕೊಳ್ಳುವುದು. ಬೆಂಚಿನಲ್ಲಿ ಕೂತ ಬೇರೆ ಹೆಂಗಸರಿಗೆ ಒಬ್ಬಳ ಸೊಂಟದ ಸುದ್ದಿ ಯಾಕೆ? ಸಿಲ್ವಿಯ ತೊಡೆಯ ಸುತ್ತ ಟೇಪು ಹಾಕಿ, ಸಂಖ್ಯೆ ನೋಡಿ, ಬರೆಯಲು ತಿರುಗಿದಾಗ ಮೈಮೂನಮ್ಮನಿಗೆ ಮಷೀನಿನ ಡ್ರಾವರು ನೆನಪಾಯಿತು.

ಆ ಡ್ರಾವರಿನಲ್ಲಿ ಒಂದು ಅಳತೆಯ ಚೀಟಿ ಇತ್ತು, ಮಗಳು ಜಸೀನಾಳ ಕೈಬರಹದ್ದು. ಐದು ವರ್ಷಗಳ ಹಿಂದೆ, ತನ್ನ ತಮ್ಮ ರವೂಫನ ಮದುವೆಗೆ ಮೊದಲು, ಸೌದಿಯ ದಮಾಮಿನಿಂದ ಊರಿಗೆ ಬರುತ್ತಿದ್ದವರ ಕೈಯಲ್ಲಿ ಜಸೀನಾ ನಾಲ್ಕು ಮೀಟರು ಹಸಿರು ಬಟ್ಟೆ ಕಳುಹಿಸಿದ್ದಳು. ತೊಳೆದಷ್ಟೂ ಮೆದುವಾಗುವ ಹತ್ತಿ. ಜೊತೆಗೆ ಈ ಚೀಟಿ: ಉಮ್ಮ ಹೊಲಿದದ್ದನ್ನೇ ಮದುವೆಗೆ ತೊಡುತ್ತೇನೆ ಎಂದು. ಮೂರನೆಯ ಹೆರಿಗೆಯ ಮೇಲೆ ಮಗಳು ದಪ್ಪಗಾಗಿದ್ದಾಳೆಂದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ಆ ಹೊತ್ತಿಗೆ ಜಸೀನಾಳ ಫೋನು ಬಂತು. ಮನೆ ತುಂಬ ಹೆಂಗಸರು, ಎಲ್ಲರೂ ಮಾತಾಡಲೆಂದು ಮದುಮಗಳು ಅಮೀರಾಳ ತಾಯಿ ಸ್ಪೀಕರು ಹಾಕಿದ್ದರು. ಮೈಮೂನಮ್ಮ ಕೇಳಿದ್ದು ಇಷ್ಟೇ: ಇದು ಅಂಗಿಯ ಅಳತೆಯಾ, ಡೇರೆಯ ಅಳತೆಯಾ? ಮೊದಲು ಇಳಿಸು, ಮತ್ತೆ ಹೊಲಿಯುತ್ತೇನೆ. ಹೆಂಗಸರೆಲ್ಲ ನಕ್ಕರು. ಮೈಮೂನಮ್ಮನೂ ನಕ್ಕರು. ಫೋನಿನ ಆ ಕಡೆ ಯಾರೂ ನಗಲಿಲ್ಲ.

ಜಸೀನಾ ಮದುವೆಗೆ ಬರಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲವೆಂದಳು. ಆಮೇಲಿನ ನಾಲ್ಕು ವರ್ಷವೂ ಒಂದೊಂದು ಕಾರಣ. ಶುಕ್ರವಾರ ಫೋನು ಮಾಡುವಳು, ರವೂಫನ ಹತ್ತಿರ ಅರ್ಧ ಗಂಟೆ, ಅಮೀರಾಳ ಹತ್ತಿರ ಒಂದು ಗಂಟೆ, ಉಮ್ಮನ ಹತ್ತಿರ ಎರಡು ಮಾತು. ಮೈಮೂನಮ್ಮನಿಗೆ ಫೋನಿನಲ್ಲಿ ಸರಿಪಡಿಸಲು ಧೈರ್ಯವಿರಲಿಲ್ಲ. ಬಾಯಿಯೇ ಅಲ್ಲವೇ ಕೆಡಿಸಿದ್ದು, ಅದನ್ನೇ ಮತ್ತೆ ಮುಂದೆ ಕಳುಹಿಸುವುದು ಹೇಗೆ? ಕಾಗದ ಬರೆಯುವುದೆಂದು ಮಾಡಿದರು. ಅವರು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ. ಆಗ ನಾಲ್ಕನೆಯ ತರಗತಿಯಲ್ಲಿದ್ದ ಜಸೀನಾಳೇ ಪಕ್ಕದಲ್ಲಿ ಕೂತು ಉಮ್ಮನ ಒತ್ತಕ್ಷರ ತಿದ್ದುತ್ತಿದ್ದಳು. ಎರಡು ರಂಜಾನಿನ ಹಿಂದೆ ಶುರುವಾದ ಕಾಗದ 'ಪ್ರೀತಿಯ ಮಗಳು ಜಸೀನಾಳಿಗೆ ಉಮ್ಮ ಬರೆಯುವುದು, ಇಲ್ಲಿ ಎಲ್ಲರೂ ಕ್ಷೇಮ' ಎಂಬಲ್ಲಿಗೆ ನಿಂತಿತ್ತು. ಮುಂದಿನ ಸಾಲು ಯಾವಾಗ ಬರೆದರೂ 'ನಿನ್ನ ಒಳ್ಳೆಯದಕ್ಕೇ ಹೇಳಿದ್ದು' ಎಂದೇ ಬರುತ್ತಿತ್ತು. ಬರೆದದ್ದನ್ನು ಅವರೇ ಹೊಡೆದು ಹಾಕುತ್ತಿದ್ದರು. ಅದು ಸುಳ್ಳೆಂದು ಅಲ್ಲ. ಅಷ್ಟೇ ಬರೆದರೆ ಮಗಳು ಮನೆಗೆ ಬರುವುದಿಲ್ಲವೆಂದು ಗೊತ್ತಿತ್ತು.

ಸಿಲ್ವಿ ಹೋದ ಮೇಲೆ ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣದಿಂದ ಗೆರೆ ಹಾಕಿದರು. ಹಾಕಿದವರು ಪುಸ್ತಕದಲ್ಲಿದ್ದ ಅಳತೆಗಿಂತ ಎರಡು ಇಂಚು ಒಳಗೆ ಹಾಕಿದರು. ನಾಲ್ಕು ತಿಂಗಳು ಓಡಿದರೆ ಇಳಿಯುವಳು. ಇಳಿಯದಿದ್ದರೆ ಬಿಗಿಯಾದ ಬಟ್ಟೆಯೇ ಬುದ್ಧಿ ಹೇಳಲಿ. ಆದರೂ ಕರುಣೆಗೆಂದು, ರವಿಕೆಗೆ ಬಿಡುವ ಹಾಗೆ ಕಾಲಿನ ಒಳಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಮಡಚಿ ಬಿಟ್ಟರು. ಬೇಕಾದಾಗ ಬಿಚ್ಚಿ ಸಡಿಲ ಮಾಡಬಹುದಲ್ಲ. ಸಾವಿರಾರು ರವಿಕೆ ಹೊಲಿದ ಕೈ ಅದು. ಓಡುವವರ ತೊಡೆ ತೊಡೆಗೆ ಉಜ್ಜುತ್ತದೆ ಎಂಬುದು ಆ ಕೈಗೆ ಹೊಳೆಯಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಸಿಲ್ವಿ ಹಳೆಯ ಚೂಡಿದಾರದ ಪ್ಯಾಂಟು ಹಾಕಿಕೊಂಡು ಓಡತೊಡಗಿದಳು. ಹೊಸದನ್ನು ಮ್ಯಾರಥಾನಿನ ದಿನಕ್ಕೆಂದು ಇಸ್ತ್ರಿ ಹಾಕಿ ಇಟ್ಟಿದ್ದಳು, ಹಬ್ಬದ ಪೂಜೆಗೆ ಇಗರ್ಜಿಗೆ ಹೋಗುವಾಗ ಹೊಸತು ತೆಗೆಯುವ ಹಾಗೆ. ಸುಳ್ಯದ ಮೊದಲನೇ ಬಸ್ಸಿನ ಕಂಡಕ್ಟರು ತಲೆ ಹೊರಗೆ ಹಾಕಿ, ಸೀಟು ಎರಡು ಖಾಲಿ ಉಂಟು, ಹತ್ತುದಾ ಎಂದು ಕೇಳುತ್ತಿದ್ದ. ನಿನ್ನ ಬಸ್ಸು ದರ್ಖಾಸಿನ ಏರು ಹತ್ತುವಾಗ ನಾನು ಹಿಂದಿನಿಂದ ದೂಡ್ಲಿಕ್ಕೆ ಬರ್ತೇನೆ, ಈಗ ಹೋಗು ಎಂದು ಇವಳು. ನಾಯಿಗಳು ಮೊದಲ ವಾರ ಬೊಗಳಿದವು, ಎರಡನೆಯ ವಾರ ಜೊತೆಗೆ ಓಡಿದವು, ಮೂರನೆಯ ವಾರಕ್ಕೆ ಅವುಗಳಿಗೆ ಬೇಸರ ಬಂತು. ಸಿಲ್ವಿಗೆ ಬರಲಿಲ್ಲ.

ಪಕ್ಕದ ಹೋಟೆಲಿನಲ್ಲಿ ಇದೇ ಮಾತು. ಅಲ್ಲಿನ ಕಾಯಂ ಗಿರಾಕಿ ಜತ್ತಪ್ಪ ಮಾಸ್ಟ್ರು, ನಿವೃತ್ತ ಪಿ.ಟಿ. ಮೇಷ್ಟ್ರು. ಎಪ್ಪತ್ತರಲ್ಲೂ ಬೆನ್ನು ಕೋಲಿನ ಹಾಗೆ ನೆಟ್ಟಗೆ. ಅಷ್ಟು ಭಾರ ಹೊತ್ತು ಓಡುವುದು ಮೊಣಗಂಟಿಗೆ ಮಾಡುವ ಅನ್ಯಾಯವೆಂದು ಅವರ ವಾದ. ಮೊದಲು ಇಳಿಸಬೇಕು, ಆಮೇಲೆ ಓಡಬೇಕು. ಇನ್ನು ಅವಳು ಮುಗಿಸಿದರೂ ಊರವರು ಚಪ್ಪಾಳೆ ತಟ್ಟುವುದು ತಪ್ಪು, ಮಕ್ಕಳು ನೋಡಿ ದಪ್ಪಗಿದ್ದರೇನಂತೆ ಎಂದುಕೊಳ್ಳುತ್ತಾರೆ. ರವೂಫ್ ಆಟೋ ಓಡಿಸುವವನು. ಪೇಟೆಯಿಂದ ಅರ್ಧ ಕಿಲೋಮೀಟರಿಗೆ ಆಟೋ ಹತ್ತುವ ಸಪೂರದವರು ಈ ಊರಲ್ಲಿ ಎಷ್ಟಿದ್ದಾರೆಂದು ತನ್ನನ್ನು ಕೇಳಿ ಎಂದು ಅವನು ಹೇಳಿದ. ಮೆಚ್ಚುವುದಾದರೆ ಅವರನ್ನು ಬಿಟ್ಟು ಇವಳನ್ನು ಮೆಚ್ಚಬೇಕು.

"ಮೆಚ್ಚುಗೆ ಅಂದ್ರೆ ಗ್ಲೂಕೋಸ್ ಪುಡಿಯಾ ಮಾರಾಯ," ಎಂದರು ಮಾಸ್ಟ್ರು, "ಸಾಲಲ್ಲಿ ನಿಂತವರಿಗೆಲ್ಲ ಒಂದೊಂದು ಚಿಟಿಕೆ ಕೊಡ್ಲಿಕ್ಕೆ?"

ಕಿಟಕಿಯಿಂದ ಕೇಳುತ್ತಿದ್ದ ಮೈಮೂನಮ್ಮ ಮನಸ್ಸಿನಲ್ಲಿ ಮಾಸ್ಟ್ರ ಕಡೆಗೇ ಇದ್ದರು. ಮೊದಲು ಇಳಿಸು ಎಂದು ತಾವೂ ಹೇಳಿದವರಲ್ಲವೇ. ಮಾಸ್ಟ್ರು ಸರಿಯಾದರೆ ತಾವೂ ಸರಿ.

ಜನವರಿಯ ಆ ಭಾನುವಾರ ಬೆಳಿಗ್ಗೆ ಐದಕ್ಕೆ ಪುತ್ತೂರಿನಲ್ಲಿ ಓಟ ಹೊರಟಿತು. ಬೆಳ್ಳಾರೆಯ ಮೇಜನ್ನು ಹಾಕಿದ್ದು ಮೈಮೂನಮ್ಮನ ಮೆಟ್ಟಿಲಿನ ಎದುರಿಗೇ. ನೀರು, ಬಾಳೆಹಣ್ಣು, ಗ್ಲೂಕೋಸು. ಅದರ ಉಸ್ತುವಾರಿ ಜತ್ತಪ್ಪ ಮಾಸ್ಟ್ರದ್ದು, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಮುಂದೆ ಹೆಸರಿನ ಪುಸ್ತಕ. ಏಳಕ್ಕೆಲ್ಲ ಮೊದಲಿನವರು ಗಾಳಿಯ ಹಾಗೆ ದಾಟಿದರು. ಎಂಟಕ್ಕೆ ಗುಂಪು, ಎಂಟೂವರೆಗೆ ಕುಂಟುವವರು. ಒಂಬತ್ತೂಕಾಲಿನ ಒಳಗೆ ಬೆಳ್ಳಾರೆ ದಾಟದವರನ್ನು ಹಿಂದಿನಿಂದ ಬರುವ ವ್ಯಾನಿಗೆ ಹತ್ತಿಸಬೇಕೆಂದು ನಿಯಮ. ಒಂಬತ್ತೂಕಾಲಾಯಿತು. ಸ್ವಯಂಸೇವಕರು ಮೇಜು ಮಡಚಿ ಜೀಪಿಗೆ ಹಾಕಿ ಹೊರಟರು. ಮಾಸ್ಟ್ರು ಮಾತ್ರ ಪುಸ್ತಕ ಹಿಡಿದುಕೊಂಡು ನಿಂತಿದ್ದರು. ವ್ಯಾನು ಬರಬೇಕಲ್ಲ ಎಂದರು.

ಒಂಬತ್ತು ಐವತ್ತಕ್ಕೆ ತಿರುವಿನಲ್ಲಿ ಸಿಲ್ವಿ ಕಂಡಳು. ಅವಳ ಹಿಂದೆ, ದಿಬ್ಬಣದ ಕಾರಿನಷ್ಟು ನಿಧಾನವಾಗಿ, ವ್ಯಾನು. ಕೆಂಪಗೆ ಬೆವತ ಮುಖ, ಕಾಲು ಅಗಲಿಸಿ ಹಾಕುವ ಹೆಜ್ಜೆ. ಮಾಸ್ಟ್ರು ಎರಡೂ ಕೈ ಅಡ್ಡ ಹಿಡಿದರು. ಮೂವತ್ತೈದು ನಿಮಿಷ ತಡ ಎಂದರು. ಹತ್ತಬೇಕು.

"ಮಾಸ್ಟ್ರೇ, ಈ ರಸ್ತೆ ಸಂಘದವರದ್ದಾ?" ಸಿಲ್ವಿ ಏದುಸಿರಿನಲ್ಲೇ ಕೇಳಿದಳು.

"ರಸ್ತೆ ಸರಕಾರದ್ದು. ಸಮಯ ನನ್ನದು."

"ಹಾಗಾದ್ರೆ ನಿಮ್ಮ ಸಮಯ ನೀವು ಇಟ್ಕೊಳ್ಳಿ. ನಾನು ಸರಕಾರದ ರಸ್ತೆಯಲ್ಲಿ ಹೋಗ್ತೇನೆ."

ಹೇಳಿದವಳು ಹೋಗಲಿಲ್ಲ. ಎರಡು ಹೆಜ್ಜೆ ಇಟ್ಟು, ಮುಖ ಕಿವುಚಿ, ಮೈಮೂನಮ್ಮನ ಮೆಟ್ಟಿಲು ಹತ್ತಿ ಒಳಗೆ ಬಂದಳು. ಪರದೆಯ ಹಿಂದೆ ಹೋಗಿ ಪ್ಯಾಂಟು ಬಿಚ್ಚಿ ಕೈ ಹೊರಗೆ ಚಾಚಿದಳು. ಸ್ವಲ್ಪ ಬಿಚ್ಚಿ ಸಡಿಲ ಮಾಡ್ಲಿಕ್ಕೆ ಆಗ್ತದಾ ಉಮ್ಮ ಎಂದಷ್ಟೇ ಕೇಳಿದಳು.

ಮೈಮೂನಮ್ಮ ಪ್ಯಾಂಟನ್ನು ತಿರುವಿ ನೋಡಿದರು. ಕಾಲಿನ ಒಳಹೊಲಿಗೆ ಉದ್ದಕ್ಕೂ ರಕ್ತದ ಕಲೆ. ತಾವು ಕರುಣೆಗೆಂದು ಬಿಟ್ಟ ಮಡಿಕೆ, ಬೆವರು ಕುಡಿದು ಹಗ್ಗದ ಹಾಗೆ ಗಟ್ಟಿಯಾಗಿ, ಇಪ್ಪತ್ತಾರು ಕಿಲೋಮೀಟರು ಆ ಹುಡುಗಿಯ ತೊಡೆಯನ್ನು ಗೀರಿತ್ತು. ಕೂತು ಹೊಲಿಗೆ ಬಿಚ್ಚಿದರು, ಮಡಿಕೆಯನ್ನು ಕತ್ತರಿಸಿ ತೆಗೆದರು. ಈಗ ಎರಡೂ ತೊಡೆಯ ನಡುವೆ ಅಗಲವಾದ ಒಂದು ಮೆದು ತುಂಡು ಕೂಡಿಸಬೇಕಿತ್ತು. ಮೇಜಿನ ಮೇಲೆ ಇದ್ದದ್ದೆಲ್ಲ ನೈಲಾನು, ಜರಿ, ಲೈನಿಂಗಿನ ಬಟ್ಟೆ. ಗಾಯಕ್ಕೆ ತಾಗುವಂಥದ್ದು ಒಂದೂ ಇರಲಿಲ್ಲ.

ಅವರು ಒಳಗೆ ಹೋಗಿ ಕಪಾಟು ತೆರೆದರು. ಐದು ವರ್ಷಗಳಿಂದ ಒಂದು ಹಳೆಯ ದುಪಟ್ಟಾದಲ್ಲಿ ಸುತ್ತಿಟ್ಟ ಹಸಿರು ಬಟ್ಟೆ ಹೊರಗೆ ಬಂತು. ಇಳಿದ ಮೇಲೆ ಹೊಲಿಯುವುದೆಂದು ಕತ್ತರಿ ಮುಟ್ಟಿಸದೆ ಇಟ್ಟದ್ದು. ಒಂದು ಗಳಿಗೆ ಅದನ್ನು ಹಿಡಿದು ನಿಂತರು. ಆಮೇಲೆ ಮೂಲೆಯಿಂದ ಒಂದು ಗೇಣು ಅಳೆದು, ಕತ್ತರಿ ಹಾಕಿದರು.

ಅಮೀರಾ ಅಷ್ಟರಲ್ಲಿ ಉಪ್ಪು ಹಾಕಿದ ಗಂಜಿಯ ತೆಳಿ ತಂದು ಪರದೆಯೊಳಗೆ ಕೊಟ್ಟಿದ್ದಳು. ಗಾಯಕ್ಕೆ ತೆಂಗಿನೆಣ್ಣೆಯನ್ನೂ ಕೊಟ್ಟಳು. ಮಷೀನು ತುಳಿಯುತ್ತಲೇ, ಮಗಳೆಂದು ಕರೆದುಕೊಂಡೇ ಮೈಮೂನಮ್ಮ ಬೈದರು. ಬೈಯದಿದ್ದರೆ ಅಳು ಬರುವ ಹಾಗಿತ್ತು.

"ಬಿಗಿ ಆಗ್ತದೆ ಅಂತ ಮೊದಲೇ ಬಂದು ಹೇಳ್ಬಾರದಿತ್ತಾ ಮೋಳೇ? ನಾಲ್ಕು ತಿಂಗಳು ಇತ್ತಲ್ಲ."

ಪರದೆಯ ಹಿಂದೆ ತೆಳಿ ಕುಡಿದ ಪಾತ್ರೆ ನೆಲಕ್ಕಿಟ್ಟ ಸದ್ದು ಬಂತು.

"ಹೇಳಿದ್ರೆ ಎಲ್ಲರೂ ಒಂದೇ ಹೇಳುದು ಉಮ್ಮ, ಮೊದಲು ಇಳಿಸು ಅಂತ. ಅಂಗಡಿಯವರೂ ಅದೇ, ನಮ್ಮ ಡಾಕ್ಟ್ರೂ ಅದೇ, ಅಮ್ಮನೂ ಅದೇ. ಸುಳ್ಳಲ್ಲ, ನನಗೂ ಗೊತ್ತುಂಟು, ನಾನು ನರ್ಸಲ್ವಾ. ಆದ್ರೆ ಇಳಿದ ಸಿಲ್ವಿ ಯಾವಾಗ ಬರ್ತಾಳೋ ಏನೋ. ಅವಳು ಬರುವವರೆಗೆ ಈ ಸಿಲ್ವಿ ಮನೆಯಲ್ಲಿ ಕೂತಿರ್ಬೇಕಾ? ಹಾಗೆ ನಾನು ಯಾರ ಹತ್ತಿರವೂ ಏನೂ ಕೇಳುದನ್ನೇ ಬಿಟ್ಟದ್ದು."

ಮೈಮೂನಮ್ಮನ ಕಾಲು ನಿಂತಿತು. ಮಷೀನು ಅರ್ಧ ಹೊಲಿಗೆಯಲ್ಲಿ ನಿಂತಿತು. ಕೇಳುವುದನ್ನೇ ಬಿಟ್ಟ ಇನ್ನೊಬ್ಬಳು ದಮಾಮಿನಲ್ಲಿದ್ದಳು. ಹೊರಗೆ ಮಾಸ್ಟ್ರು ವ್ಯಾನಿನವನ ಜೊತೆ ಏನೋ ವಾದ ಮಾಡುವುದು ಕೇಳಿಸುತ್ತಿತ್ತು. ಅವರು ಮತ್ತೆ ತುಳಿದರು, ಎಂದಿಗಿಂತ ಹತ್ತಿರ ಹತ್ತಿರ ಹೊಲಿಗೆ ಹಾಕಿ, ನೂಲು ಕಚ್ಚಿ ತುಂಡು ಮಾಡಿ, ಪ್ಯಾಂಟನ್ನು ಪರದೆಯೊಳಗೆ ಕೊಟ್ಟರು.

ಸಿಲ್ವಿ ಹೊರಗೆ ಬಂದಳು. ಕಪ್ಪು ಪ್ಯಾಂಟಿನ ತೊಡೆಗಳ ನಡುವೆ ಹಸಿರು ಬಟ್ಟೆ, ಬಾಳೆಲೆಯ ಸೀಳಿನ ಹಾಗೆ ಎದ್ದು ಕಾಣುತ್ತಿತ್ತು. ಚಂದ ಇಲ್ಲ ಎಂದರು ಮೈಮೂನಮ್ಮ. ಹಾಯುಂಟು ಎಂದಳು ಸಿಲ್ವಿ. ಮೆಟ್ಟಿಲಿಳಿದು, ಎರಡು ಸಲ ಕಾಲು ಕೊಡವಿ, ಓಡಲು ಹಿಡಿದಳು. ಅಮೀರಾ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಅಂಗಳದ ಕೊನೆಯವರೆಗೆ ಹೋದಳು. ವ್ಯಾನು ಖಾಲಿಯಾಗಿ ಮುಂದೆ ಹೋಯಿತು. ಅದು ಹೋದ ಮೇಲೆ ಜತ್ತಪ್ಪ ಮಾಸ್ಟ್ರು ಸುಮ್ಮನೆ ಹೋಟೆಲಿಗೆ ಹೋಗಿ ನಾಲ್ಕು ಬಾಟಲಿ ನೀರು ತೆಗೆದುಕೊಂಡು ಸ್ಕೂಟರು ಹತ್ತಿದರು. ಎಲ್ಲಿಗೆ ಎಂದು ಮೈಮೂನಮ್ಮ ಕೇಳಿದ್ದಕ್ಕೆ, ಮೇಜು ತೆಗೆದದ್ದು ಸರಿ, ಬಾಯಾರಿಕೆ ತೆಗಿಲಿಕ್ಕಾಗುದಿಲ್ಲವಲ್ಲ ಎಂದು ಕೋಪದಲ್ಲೇ ಹೇಳಿ ಹೋದರು.

ಮನೆಯಲ್ಲಿ ಕೂತಿರಲು ಮೈಮೂನಮ್ಮನಿಂದ ಆಗಲಿಲ್ಲ. ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ರವೂಫನ ಆಟೋದಲ್ಲಿ ಸುಳ್ಯಕ್ಕೆ ಹೊರಟರು, ಜೊತೆಗೆ ಅಮೀರಾ. ದಾರಿಯುದ್ದಕ್ಕೂ ಅವರು ರಸ್ತೆಯನ್ನೇ ನೋಡುತ್ತಿದ್ದರು. ಸಾವಿರ ಸಲ ಬಸ್ಸಿನಲ್ಲಿ ಹೋದ ರಸ್ತೆ. ಅದರಲ್ಲಿ ಇಷ್ಟು ಏರುಗಳಿವೆಯೆಂದು ಅವರಿಗೆ ಗೊತ್ತಿರಲಿಲ್ಲ. ಒಂದೊಂದು ಏರಿನಲ್ಲೂ ಆಟೋ ಗೊಣಗುವಾಗ, ಇದನ್ನೂ ಹತ್ತಿದಳಾ ಎಂದು ಮಗನನ್ನು ಕೇಳಿದರು. ಹಾರಿ ಹೋಗ್ಲಿಕ್ಕೆ ಅವಳೇನು ಹಕ್ಕಿಯಾ ಉಮ್ಮ ಎಂದ ರವೂಫ್.

ಸುಳ್ಯ ಪೇಟೆಗೆ ಒಂದು ಕಿಲೋಮೀಟರು ಇರುವಾಗ ಅವಳು ಸಿಕ್ಕಿದಳು. ಓಡುತ್ತಿರಲಿಲ್ಲ, ನಡೆಯುತ್ತಿದ್ದಳು, ಅದೂ ಬಹಳ ನಿಧಾನ. ಪಕ್ಕದಲ್ಲಿ ಜತ್ತಪ್ಪ ಮಾಸ್ಟ್ರು ಒಂದು ಕೈಯಲ್ಲಿ ಸ್ಕೂಟರು ದೂಡುತ್ತ, ಇನ್ನೊಂದು ಕೈಯಲ್ಲಿ ಅವಳ ತಲೆಯ ಮೇಲೆ ಕೊಡೆ ಹಿಡಿದುಕೊಂಡು ನಡೆಯುತ್ತಿದ್ದರು. ಬಾಯಿ ಮಾತ್ರ ಒಂದೇ ಸಮ ಬೈಯುತ್ತಿತ್ತು. ನಾಳೆಯಿಂದ ಗೋಳಿಬಜೆ ಬಂದ್, ಮೊಣಗಂಟಿನ ಎಕ್ಸ್‌ರೇ ತೆಗೆಸಬೇಕು, ಬಲಗೈ ಅಷ್ಟು ಬೀಸಬಾರದು, ಬುದ್ಧಿಯಿಲ್ಲದವಳು, ಎಡಕ್ಕೆ ಬಾ ಲಾರಿ ಉಂಟು. ಸಿಲ್ವಿ ಹೂಂ ಹೂಂ ಎನ್ನುತ್ತ ಬರುತ್ತಿದ್ದಳು.

ಮೈದಾನದಲ್ಲಿ ಕಮಾನು ಬಿಚ್ಚಿ ಆಗಿತ್ತು. ಶಾಮಿಯಾನದವರು ಕಂಬ ಕೀಳುತ್ತಿದ್ದರು. ಪದಕದ ಪೆಟ್ಟಿಗೆ ಪುತ್ತೂರಿಗೆ ವಾಪಸು ಹೋಗಿತ್ತು. ನೆಲದ ಮೇಲೆ ಸುಣ್ಣದ ಗೆರೆ ಅರ್ಧ ಅಳಿಸಿ ಉಳಿದಿತ್ತು. ಅದನ್ನು ನೋಡಿದ ಕೂಡಲೇ ಸಿಲ್ವಿ, ಎಲ್ಲಿ ಉಳಿಸಿಟ್ಟಿದ್ದಳೋ, ಕೊನೆಯ ಇಪ್ಪತ್ತು ಹೆಜ್ಜೆ ಓಡಿದಳು. ಗೆರೆ ದಾಟಿ ಅಲ್ಲೇ ನೆಲಕ್ಕೆ ಕೂತಳು. ಚಪ್ಪಾಳೆ ತಟ್ಟಿದವರು ಶಾಮಿಯಾನದ ಇಬ್ಬರು ಆಳುಗಳು, ರವೂಫ್ ಮತ್ತು ಅಮೀರಾ. ಮಾಸ್ಟ್ರು ತಟ್ಟಲಿಲ್ಲ, ಅವರ ಕೈಯಲ್ಲಿ ಕೊಡೆ ಇತ್ತು. ಅದನ್ನು ಮಡಚಿ, ಕಂಕುಳಲ್ಲಿಟ್ಟು, ಗಡಿಯಾರ ನೋಡಿ, ಮುಗಿದು ಹೋದ ಪಟ್ಟಿಯ ಕೆಳಗೆ ಪೆನ್ಸಿಲಿನಿಂದ ಬರೆದರು: ಸಿಲ್ವಿ ಮಾಥ್ಯೂ, ಒಂಬತ್ತು ಗಂಟೆ ಇಪ್ಪತ್ತೊಂದು ನಿಮಿಷ.

ಈಗ ಮೆಚ್ಚಿದಿರಾ ಮಾಸ್ಟ್ರೇ ಎಂದು ರವೂಫ್ ಕೆಣಕಿದ. ಇದು ಮೆಚ್ಚುಗೆ ಅಲ್ಲ, ನಡೆದದ್ದನ್ನು ಬರೆಯುದು ಎಂದರು ಮಾಸ್ಟ್ರು. ಬರೆದ ಸಾಲನ್ನು ಇನ್ನೊಮ್ಮೆ ಓದಿಕೊಂಡು ಪುಸ್ತಕ ಮುಚ್ಚಿದರು.

ಹಿಂದೆ ಬರುವಾಗ ಸಿಲ್ವಿಗೆ ಜಾಗವಾಗಲೆಂದು ಅಮೀರಾ ರವೂಫನ ಪಕ್ಕ ಮುಂದಿನ ಸೀಟಿನ ತುದಿಯಲ್ಲಿ ಕೂತಳು. ಮೈಮೂನಮ್ಮ ಸಿಲ್ವಿಯ ಭುಜಕ್ಕೆ ಒತ್ತಿಕೊಂಡು ಕೂತಿದ್ದರು. ರಸ್ತೆ ನೋಡುತ್ತಲೇ ಹೇಳಿದರು.

"ನಾನು ಎರಡು ಇಂಚು ಕಡಿಮೆ ಕತ್ತರಿಸಿದ್ದೆ. ಬೇಕಂತಲೇ."

"ಗೊತ್ತಿತ್ತು ಉಮ್ಮ. ಮೊದಲ ದಿನ ಹಾಕಿ ನೋಡಿದಾಗಲೇ."

"ಮತ್ತೆ ಯಾಕೆ ಅದನ್ನೇ ಹಾಕಿದ್ದು?"

"ನೀವು ಹೊಲಿದು ಕೊಟ್ರಲ್ಲ," ಎಂದು ಸಿಲ್ವಿ ಕಣ್ಣು ಮುಚ್ಚಿದಳು. ಅವಳ ಗೊರಕೆ ಶುರುವಾಗಲು ಎರಡು ನಿಮಿಷ ಹಿಡಿಯಲಿಲ್ಲ. ಭುಜದ ಮೇಲೆ ಅವಳ ತಲೆ ಭಾರವಾಗಿ ಬಿತ್ತು. ಮೈಮೂನಮ್ಮ ಬೆಳ್ಳಾರೆಯವರೆಗೆ ಅಲುಗಾಡಲಿಲ್ಲ.

ಸಂಜೆ ಅಮೀರಾ ಮೊಬೈಲು ಹಿಡಿದು ಬಂದಳು, ಸ್ವಲ್ಪ ಹೆದರಿಕೊಂಡೇ. ಬೆಳಿಗ್ಗೆಯ ವಿಡಿಯೋವನ್ನು ಅವಳು ಜಸೀನಾಳಿಗೆ ಕಳುಹಿಸಿದ್ದಳು, ಸುಮ್ಮನೆ, ನೋಡಲಿ ಎಂದು. ಉತ್ತರ ಬಂದಿತ್ತು. ಮೈಮೂನಮ್ಮ ಕನ್ನಡಕ ಹಾಕಿ ಓದಿದರು.

'ಆ ಹಸಿರು ಬಟ್ಟೆ ನನ್ನದಲ್ಲವಾ?'

ಅಷ್ಟೇ. ಬೈದದ್ದೋ, ಬೇಸರವೋ, ಗುರುತು ಹಿಡಿದ ಸಂತೋಷವೋ ಅದರಲ್ಲಿ ಕಾಣುತ್ತಿರಲಿಲ್ಲ. ಏನೆಂದು ಬರೆಯಲಿ ಮಾಮಿ ಎಂದು ಅಮೀರಾ ಕೇಳಿದಳು. ತನ್ನ ಬಟ್ಟೆಯನ್ನು ಉಮ್ಮ ಬೇರೆಯವರಿಗೆ ಕೊಟ್ಟರೆಂದು ಮಗಳು ತಿಳಿದುಕೊಂಡಿದ್ದರೆ? ಮೈಮೂನಮ್ಮ ತಡಮಾಡಲಿಲ್ಲ. ಮೊದಲು ಹಸಿರು ಬಟ್ಟೆಯನ್ನು ಚಾಪೆಯ ಮೇಲೆ ಹರಡಿ, ಚೀಟಿಯ ಅಳತೆ ಇಟ್ಟು, ಟೇಪು ಹಿಡಿದು ನೋಡಿದರು. ಒಂದು ಗೇಣು ಹೋದರೂ ಸಾಕು. ಇನ್ನೂ ನಾಲ್ಕು ಇಂಚು ದಪ್ಪಗಿದ್ದರೂ ಸಾಕು. ಆಮೇಲೆ ಡ್ರಾವರಿನಿಂದ ಕಾಗದ ತೆಗೆದು, ಮಷೀನಿನ ಮೇಲೇ ಇಟ್ಟುಕೊಂಡು, ಎರಡು ವರ್ಷದ ಹಿಂದೆ ನಿಂತಲ್ಲಿಂದ ಬರೆದರು.

'ಪ್ರೀತಿಯ ಮಗಳು ಜಸೀನಾಳಿಗೆ ಉಮ್ಮ ಬರೆಯುವುದು. ಇಲ್ಲಿ ಎಲ್ಲರೂ ಕ್ಷೇಮ. ಹಸಿರು ಬಟ್ಟೆ ನಿನ್ನದೇ. ಒಂದು ಮೂಲೆಯಿಂದ ಒಂದು ಗೇಣು ಕತ್ತರಿಸಿದ್ದೇನೆ. ನನ್ನ ಹೊಲಿಗೆಯಿಂದ ಒಬ್ಬಳ ತೊಡೆ ಸುಲಿದು ಹೋಗಿತ್ತು. ಬೇರೆ ಮೆದು ಬಟ್ಟೆ ಮನೆಯಲ್ಲಿ ಇರಲಿಲ್ಲ. ಅವಳು ನಿನ್ನ ಬಟ್ಟೆಯಲ್ಲಿ ಸುಳ್ಯದವರೆಗೆ ಹೋದಳು. ಉಳಿದದ್ದು ನಿನಗೆ ಸಾಕು, ಹರಡಿ ನೋಡಿದ್ದೇನೆ. ಆ ದಿನ ನಾನು ಡೇರೆ ಎಂದದ್ದು ತಪ್ಪು. ಹೆಂಗಸರು ನಗುವಾಗ ನಾನೂ ನಕ್ಕೆ, ಅದು ಹೆಚ್ಚಿನ ತಪ್ಪು. ನಿನ್ನ ಈಗಿನ ಅಳತೆ ಕಳಿಸು. ದೊಡ್ಡ ಮಗಳ ಹತ್ತಿರ ಅಳೆಯಲು ಹೇಳು. ಟೇಪು ಬಿಗಿ ಹಿಡಿಯಬಾರದು, ಒಳಗೆ ಎರಡು ಬೆರಳಿನ ಸಡಿಲ ಇರಲಿ. ಅಳೆಯುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ. ಉಸಿರು ಬಿಟ್ಟು ನಿಲ್ಲು. ಸಂಖ್ಯೆಯನ್ನು ನಾನು ಯಾರ ಎದುರೂ ಓದುವುದಿಲ್ಲ.'

ಇದರ ಕೆಳಗೆ 'ಸಕ್ಕರೆಯ ಪರೀಕ್ಷೆ ಮಾಡಿಸು' ಎಂದು ಕೈ ತಾನಾಗಿ ಬರೆಯಿತು. ನೋಡಿ, ಯೋಚಿಸಿ, ಹೊಡೆದು ಹಾಕಿದರು. ಅದು ಇನ್ನೊಂದು ಕಾಗದಕ್ಕೆ, ಮಗಳು ಬಂದು ಹೊಸ ಅಂಗಿ ತೊಟ್ಟ ಮೇಲಿನ ಮಾತಿಗೆ. ಒತ್ತಕ್ಷರ ಎಷ್ಟು ತಪ್ಪಿದೆಯೋ ಎಂದು ಅಮೀರಾಳಿಗೆ ತೋರಿಸಲು ಹೊರಟವರು ತೋರಿಸಲಿಲ್ಲ. ತಿದ್ದುವವಳು ಬೇರೆ ಇದ್ದಳು. ಹಸಿರು ಬಟ್ಟೆಯ ಅಂಚಿನಿಂದ ಅಂಗೈಯಗಲದ ಒಂದು ತುಂಡು ಕತ್ತರಿಸಿ ಕಾಗದದ ಮಡಿಕೆಯೊಳಗಿಟ್ಟರು.

ಮರುದಿನ ಅಂಚೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅವರು ಮೆಟ್ಟಿಲಲ್ಲಿ ನಿಂತಿದ್ದರು. ಲಕೋಟೆಯ ಮೇಲೆ ದಮಾಮಿನ ವಿಳಾಸ ಅಮೀರಾಳ ಅಕ್ಷರದಲ್ಲಿ. ಕೌಂಟರಿನ ಕೌಸಲ್ಯಾ ಅದನ್ನು ತಕ್ಕಡಿಗೆ ಹಾಕಿ, ಕೆಂಪು ಸಂಖ್ಯೆ ನೋಡಿ, ಒಳಗೆ ಕಾಗದ ಅಲ್ಲದೆ ಎಂತ ಉಂಟು ಎಂದು ಕೇಳಿದಳು. ಮೈಮೂನಮ್ಮ ಹೇಳಿದರು. ತೂಕ ಹೆಚ್ಚು ಬರ್ತದೆ, ಇನ್ನೂ ಅಂಟಿಸ್ಲಿಲ್ಲವಲ್ಲ, ಬಟ್ಟೆ ತೆಗೆದ್ರೆ ಸ್ಟಾಂಪು ಕಡಿಮೆ ಸಾಕು ಎಂದು ಕೌಸಲ್ಯಾ ಲಕೋಟೆಯನ್ನು ತಿರುಗಿ ಕೊಡಲು ಕೈ ಚಾಚಿದಳು.

ಮೈಮೂನಮ್ಮ ಕೈ ನೀಡಲಿಲ್ಲ.

"ಎಷ್ಟು ಉಂಟೋ ಅಷ್ಟಕ್ಕೇ ಹಾಕಿ ಕೌಸಲ್ಯಾ. ಎಂತದೂ ತೆಗೆಯುದು ಬೇಡ."

ಕೌಸಲ್ಯಾ ಅಂಟು ಹಚ್ಚಿ ಸ್ಟಾಂಪು ಕೂರಿಸಿ ಮುದ್ರೆ ಒತ್ತಿದಳು. ಲಕೋಟೆ ಪುತ್ತೂರಿಗೆ ಹೋಗುವ ಚೀಲದೊಳಗೆ ಬಿತ್ತು. ಚೀಲದ ಬಾಯಿ ಕಟ್ಟುವವರೆಗೆ ಮೈಮೂನಮ್ಮ ಅಲ್ಲೇ ನಿಂತಿದ್ದರು.